ಮೂರನೇ ಮಹಡಿಗೊಂದು ಬಿಸಿನೀರಿನ ಟಬ್

"ಹಲೋ... ಹಲೋ, ಯಾರು ಮಾತಾಡ್ತಿರೋದು?... ಬಿಸಿನೀರಿನ ಟಬ್ ಮಾರೋ ಅಂಗಡೀನೇ ಅಲ್ವಾ?... ಹಾಂ, ಅದೇ ಅಮ್ಮಾ, ಗಾಳಿ ತುಂಬೋದು. ಬೇಡದಾಗ ಮಡಚಿ ಇಡಬಹುದು ಅಂತ ಜಾಹೀರಾತಲ್ಲಿ ಹಾಕಿದೀರಲ್ಲ, ಅದು."

ಪರದೆ ಹೊಲಿಯುವ ದರ್ಜಿ ಅಡುಗೆಮನೆಯ ಬಾಗಿಲನ್ನು ಕಾಲಿನಿಂದಲೇ ಮೆಲ್ಲಗೆ ಮುಂದೆ ಮಾಡಿದ. ಪಕ್ಕದ ಕೋಣೆಯಲ್ಲಿ ಹೆಂಡತಿ ಮಲಗಿದ್ದಳು. ಊರಿನ ಅರ್ಧದಷ್ಟು ಮಕ್ಕಳಿಗೆ ಈಜು ಕಲಿಸಿದವಳು. ಈಗ ಸಂಧಿವಾತ ಅವಳ ಸೊಂಟ, ಮಂಡಿ ಎರಡನ್ನೂ ಕಚ್ಚಿ ಹಿಡಿದಿತ್ತು. ದಿನಾ ಒಂದಿಷ್ಟು ಹೊತ್ತು ಬಿಸಿನೀರಲ್ಲಿ ಮುಳುಗಿ ಕೂತರೆ ಕೀಲುಗಳು ಸಡಿಲವಾಗುತ್ತವೆ ಎಂದು ಡಾಕ್ಟರು ಹೇಳಿದ್ದೇ ತಡ, ಅವಳ ಮುಖಕ್ಕೆ ಕಳೆ ಬಂದಿತ್ತು. ಮತ್ತೆ ನೀರಿಗಿಳಿಯುವ ಮಾತಲ್ಲವೇ!

"ಅಯ್ಯೋ, ನಾಲ್ಕು ಜನ ಕೂರೋದು ಯಾಕಮ್ಮಾ? ನಮ್ಮನೇಲಿ ಇರೋದೇ ಇಬ್ಬರು. ಎಲ್ಲಕ್ಕಿಂತ ಅಗ್ಗದ್ದು ಯಾವುದು, ಅದನ್ನ ಹೇಳಿ... ಹಾಂ... ಹಾಂ... ಗುಳ್ಳೆ ಬರೋದೆಲ್ಲ ಬೇಡ. ಗುಳ್ಳೆ ಬಿಟ್ರೆ ಇನ್ನೂ ಕಮ್ಮಿ ಆಗುತ್ತಾ?... ಹಾಗಿದ್ರೆ ಹೊಂದಿಸ್ಕೋಬಹುದು."

"ಎಲ್ಲಿಡ್ತೀವಿ ಅಂದ್ರೆ... ಕಿಟಕಿ ಹತ್ರ. ಅಲ್ಲಿ ನನ್ನ ಮಿಷಿನ್ ಇದೆ, ಪಕ್ಕಕ್ಕೆ ತಳ್ಳಿದ್ರಾಯ್ತು... ಮೂರನೇ ಮಹಡಿ. ಬಾಡಿಗೆ ಮನೆ... ಯಾಕಮ್ಮಾ?... ನೀರು ತುಂಬಿದ್ರೆ ಎಷ್ಟು ತೂಕ ಅಂದ್ರಿ?... ಅಷ್ಟಾ! ಕೆಳಗಿನ ಮನೆಯೋರ ತಲೆ ಮೇಲೆ ಕಾರು ನಿಲ್ಲಿಸಿದ ಹಾಗಾಯ್ತಲ್ಲ!"

ನಗಲು ಹೋದ. ಕಾಲ ಕೆಳಗಿನ ನೆಲ ನೋಡಿಕೊಂಡ.

"ರೀ, ಕಾಲು ಚಾಚೋಕಾಗುತ್ತಾ ಕೇಳ್ರೀ!" ಒಳಗಿಂದ ಹೆಂಡತಿ ಕೂಗಿದಳು.

"ಕೇಳ್ತಿದೀನಿ, ಇರೇ!... ನಿಮಗಲ್ಲಮ್ಮಾ, ಮನೆಯವಳಿಗೆ. ಹೇಳಿ... ಒಬ್ಬರೇ ಕೂರೋದು ಇದೆಯಾ? ಬಚ್ಚಲಲ್ಲೇ ಇಡಬಹುದಾ? ಗೀಸರ್ ನೀರೇ ಸಾಕಾ?... ಅದನ್ನ ಮೊದಲೇ ಹೇಳಬಾರದಾ ತಾಯಿ! ಜೀವ ಬಂತು ನೋಡಿ... ಎತ್ತರ ಎಷ್ಟು?... ಸೊಂಟದ ತನಕಾನಾ?... ಒಳಗೆ ನಡ್ಕೊಂಡು ಹೋಗೋಕೆ ಬಾಗಿಲು ಗೀಗಿಲು ಏನೂ ಇಲ್ವಾ?... ಬಾಗಿಲಿರೋ ಟಬ್ಬಿಗೆ ಅಷ್ಟು ದುಡ್ಡಾಗುತ್ತಾ? ಅದು ನಮ್ಮ ಕೈಗೆಟುಕೋದಲ್ಲ, ಬಿಡಿ... ಮೆಟ್ಟಿಲು ಹಾಕಿದ್ರೂ ಕಾಲೆತ್ತಿ ದಾಟಲೇಬೇಕಾ?"

"ಇಲ್ಲ... ಅವಳಿಗೆ ಕಾಲೆತ್ತೋಕಾಗಲ್ಲ."

"ಏನಂದ್ರಿ?... ನಾನಾ?... ನಾನು ಎತ್ತಿ ಕೂರಿಸಬಹುದಲ್ವಾ ಅಂತೀರಾ..."

ದರ್ಜಿಯ ಕೈ ತಾನಾಗಿ ಅಂಗಿಯೊಳಗೆ ಬಿಗಿದಿದ್ದ ಬೆಲ್ಟಿನ ಮೇಲೆ ಹೋಯಿತು. ಕೂತು ಹೊಲಿದು ಬೆನ್ನು ನೋಯುತ್ತದೆ, ಅದಕ್ಕೇ ಬೆಲ್ಟು ಎಂದು ಹೆಂಡತಿಗೆ ಹೇಳಿದ್ದ. ಅವಳಿಗೆ ಕೇಳದಿರಲೆಂದು ನಲ್ಲಿ ತಿರುಗಿಸಿ ನೀರು ಬಿಟ್ಟು, ಸಿಂಕಿನ ಮೇಲೆ ಬಗ್ಗಿ ದನಿ ತಗ್ಗಿಸಿದ.

"ನಂಗೆ ಹರ್ನಿಯಾ ಇದೆಯಮ್ಮಾ. ತುಂಬಿದ ಬಕೆಟ್ ಕೂಡ ಎತ್ತಬೇಡ ಅಂದಿದಾರೆ... ಇಲ್ಲ, ಅವಳಿಗೆ ಹೇಳಿಲ್ಲ. ಹೇಳಿದ್ರೆ ನನ್ನ ಕೈ ಹಿಡಿದು ಹಾಸಿಗೆಯಿಂದ ಏಳೋದನ್ನೂ ಬಿಟ್ಟುಬಿಡ್ತಾಳೆ... ಬೇರೆ ಯಾರೂ ಇಲ್ಲಮ್ಮಾ. ದಿನಾ ಯಾರನ್ನ ಕರೀಲಿ?... ಹಾಂ... ಹಾಂ, ಗೊತ್ತಾಯ್ತು... ನಿಮ್ಮ ತಪ್ಪೇನಿದೆ ಇದರಲ್ಲಿ? ಆದ್ರೆ ನೀವೇ ಹೇಳಿ, ನಾನೇನು ಮಾಡ್ಲಿ? ನಿಮ್ಮನೇಲಾಗಿದ್ರೆ ಏನು ಮಾಡ್ತಿದ್ರಿ?... ಹಲೋ?... ಹಲೋ, ಕೇಳಿಸ್ತಿದೆಯಾ?... ಹಲೋ?"

ಲೈನ್ ಕಟ್ಟಾಗಿತ್ತು. ಅವರೇ ಇಟ್ಟರೋ, ತಾನಾಗಿ ಹೋಯಿತೋ ತಿಳಿಯಲಿಲ್ಲ. ನಲ್ಲಿ ನಿಲ್ಲಿಸಿದ.

"ಏನಂದ್ರು ರೀ? ಸಿಗುತ್ತಂತಾ?" ಈಜುಕೊಳದ ಕಟ್ಟೆಯ ಮೇಲೆ ನಿಂತು ಮಕ್ಕಳನ್ನು ಕರೆಯುತ್ತಿದ್ದಾಗಿನ ಹುರುಪು ಆ ದನಿಯಲ್ಲಿತ್ತು.

ದರ್ಜಿ ಬಾಗಿಲಿನತ್ತ ನೋಡಿದ. ಕಟ್ಟಾಗಿದ್ದ ಫೋನನ್ನೇ ಮತ್ತೆ ಕಿವಿಗೆ ಒತ್ತಿಕೊಂಡ.

"ಹಾಂ, ಹೇಳಿ... ಸ್ಟಾಕ್ ಬರಬೇಕಾ?... ಬರಲಿ ಬಿಡಿ, ಆತುರವೇನಿಲ್ಲ... ಆದ್ರೆ ಬಂದ್ಮೇಲೆ ಬೇರೆಯವರಿಗೆ ಕೊಟ್ಟುಬಿಡಬೇಡಿ, ಆಯ್ತಾ? ನಮ್ಮನೆಯವಳು ಕಾಯ್ತಿದಾಳೆ..."