ದವಡೆ ಬಂದೂಕು

…ಸ್ವಲ್ಪ ತಾಳಿ ಸಾಹೇಬರೇ, ಗಲ್ಲಪಟ್ಟಿ ಬಿಗಿಯುವ ಮೊದಲು ಒಂದು ನಮಸ್ಕಾರ. ಅಯ್ಯೋ, ನಿಮಗಲ್ಲ! ನಿಮಗೆ ಬಾಗಿಲಲ್ಲೇ ಆಯಿತಲ್ಲ. ಇದು ಮೇಲಿನವನಿಗೆ. ಕಾಣದೆ ಕಾಯುವವನೇ, ಕೇಳದೆ ಕೊಡುವವನೇ, ಕಬ್ಬಿಣಕ್ಕೆ ಕಾವನ್ನೂ ಈ ಬಂದೂಕು ಮೇಸ್ತ್ರಿಗೆ ಕಸುಬನ್ನೂ ಕೊಟ್ಟವನೇ, ಈ ಕಾವಲುಪಡೆ ಸಾಹೇಬರ ಮುಂದೆ ಇವತ್ತೊಂದು ದಿನ ಮಾನ ಉಳಿಸು ತಂದೆ. ಹ್ಞಾಂ, ಆಯಿತು. ಈಗ ಗಲ್ಲ ಮುಂದಕ್ಕೆ ಕೊಡಿ. ಇನ್ನೂ ಸ್ವಲ್ಪ… ಕ್ಷೌರಕ್ಕೆ ಕೊಡುತ್ತೀರಲ್ಲ, ಹಾಗೆ.

ಹೆದರಬೇಡಿ, ಬಂದೂಕಿನೊಳಗೆ ಇರುವುದು ಮರದ ತೋಟಾ. ನನ್ನವಳ ಲಟ್ಟಣಿಗೆ ಕಡೆದು ಮಾಡಿದ್ದು. ಶ್… ಪಾಪ, ಅದನ್ನವಳು ಇನ್ನೂ ಹುಡುಕುತ್ತಲೇ ಇದ್ದಾಳೆ.

ಈಗ ಹೇಳಿ, ಲೋಕದ ಬಂದೂಕಿಗೆಲ್ಲ ಇರುವ ರೋಗ ಯಾವುದು? ನೀವು ಹೇಳಬೇಡಿ, ಪಟ್ಟಿ ಅಲುಗುತ್ತದೆ. ನಾನೇ ಹೇಳುತ್ತೇನೆ. ಒಂದು ಗುಂಡು ಹೊಡೆದಿರೋ, ಕೈ ತೆಗೆಯಬೇಕು. ಬೋಲ್ಟು ಎತ್ತಬೇಕು, ಎಳೆಯಬೇಕು, ನೂಕಬೇಕು, ಇಳಿಸಬೇಕು. ಅಷ್ಟು ಹೊತ್ತಿಗೆ ಗುರಿ ಎಲ್ಲಿ? ಗುರಿ ತವರಿಗೆ ಹೋಗಿರುತ್ತದೆ! ಇದೇ ಕೊರಗು ನನಗೆ ವರ್ಷಗಟ್ಟಲೆ. ಒಂದು ಬೆಳಿಗ್ಗೆ ಕೈಮುಗಿದು ಪ್ರಾರ್ಥನೆ ಮಾಡುತ್ತಿದ್ದೇನೆ, ನೋಡುತ್ತೇನೆ… ಕೈ ಅಲುಗದೆ ನಿಂತಿದೆ, ಬಾಯಿ ಒಂದೇ ಆಡುತ್ತಿದೆ! ದವಡೆ ಸಾಹೇಬರೇ, ದವಡೆ! ಹೊಡೆದಾಟದಲ್ಲಿ ಬಾಯಿಗೆ ಏನು ಕೆಲಸ? ಸುಮ್ಮನೆ ಕೂತು ತಿನ್ನುವ ಅಂಗ ಅದು. ಅದಕ್ಕೊಂದು ಉದ್ಯೋಗ ಕೊಡು ಅಂತ ದೇವರೇ ಬಾಯಿಬಿಟ್ಟು ಹೇಳಿದ ಹಾಗಾಯಿತು. ಗಲ್ಲಕ್ಕೊಂದು ಪಟ್ಟಿ, ಪಟ್ಟಿಯಿಂದ ಬೋಲ್ಟಿಗೊಂದು ಸರಳು, ಮುಗಿಯಿತು!

ಬಾಯಿ ತೆರೆಯಿರಿ ಈಗ, ಮೆಲ್ಲಗೆ… ಖಟ್! ಕೇಳಿತಾ? ಬೋಲ್ಟು ಹಿಂದಕ್ಕೆ. ಮುಚ್ಚಿ… ಖಟಕ್! ಹೊಸ ತೋಟಾ ಒಳಕ್ಕೆ. ನಿಮ್ಮ ಕೈ ಇದ್ದಲ್ಲೇ, ಗುರಿ ಇದ್ದಲ್ಲೇ. ಹಾರಿದ ತೋಟಾ ಎಲ್ಲಿ ಬಿತ್ತು? ಓ, ತೊಡೆಯ ಮೇಲಿಟ್ಟ ನಿಮ್ಮ ಟೊಪ್ಪಿಗೆಯೊಳಗೆ. ಶುಭಶಕುನ!

ಯಾಕೆ ನಗುತ್ತೀರಿ? ನಗಬೇಡಿ, ನಗಬೇಡಿ ಸಾಹೇಬರೇ… ಹೋಯಿತು! ಒಂದು ನಗೆಗೆ ಎರಡು ತೋಟಾ ಹೊರಗೆ ಬಿತ್ತು, ನೋಡಿ. ನಗುವುದಿದ್ದರೆ ಕಣ್ಣಲ್ಲಿ ನಗಬೇಕು. ಕಾವಲಿನವನಿಗೆ ಅಷ್ಟು ಗಾಂಭೀರ್ಯ ಬೇಡವೇ?

ಆಗಲೇ ಕೇಳಿದಿರಲ್ಲ, ಸೀನು ಬಂದರೆ ಏನು ಗತಿ ಅಂತ. ಸೀನು ಬಂದರೆ… ಬಂದೂಕು ತನ್ನಷ್ಟಕ್ಕೆ ತಾನೇ ತುಂಬಿಕೊಳ್ಳುತ್ತದೆ. ಲಾಭವೇ ಅಲ್ಲವೇ? ಹಾಗೆ ಕಣ್ಣು ಕೆಂಪು ಮಾಡಬೇಡಿ. ಆಕಳಿಕೆ ಬಂದರೆ? ಆಕಳಿಸುವ ಕಾವಲಿನವನ ಕೈಯಲ್ಲಿ ತುಂಬಿದ ಬಂದೂಕು ಇರಬಾರದು. ಇದು ತಾನಾಗಿ ಖಾಲಿಯಾಗುತ್ತದೆ. ಧರ್ಮ ಬಲ್ಲ ಬಂದೂಕು ಸ್ವಾಮಿ ಇದು! ‘ಯಾರಲ್ಲಿ? ನಿಲ್ಲು! ನಿಂತಲ್ಲೇ ನಿಲ್ಲು!’ ಅಂತ ಕೂಗಬೇಕಾದರೆ? ಹ್ಞೂಂ… ಅಷ್ಟು ಕೂಗಿದರೆ ಒಳಗೆ ಏನೂ ಉಳಿಯುವುದಿಲ್ಲ, ಒಪ್ಪಿದೆ. ಆದರೆ ಕೂಗುವುದೇಕೆ? ಕಳ್ಳ ಏನು ಹಾಡಿಕೊಂಡು ಬರುತ್ತಾನೆಯೇ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಹಿರಿಯರು ಸುಮ್ಮನೆ ಹೇಳಿದರೇ? ನಿಮ್ಮ ಕಾವಲುಪಡೆ ಇಡೀ ಮೌನವ್ರತ ಹಿಡಿಯಲಿ. ಬಂದೂಕಿಗೆ ಬಂದೂಕೂ ಆಯಿತು, ಪುಣ್ಯಕ್ಕೆ ಪುಣ್ಯವೂ ಆಯಿತು.

ಏನು? ಆ ಹುಬ್ಬು ಏನು ಹೇಳುತ್ತಿದೆ? ‘ಕೈಯಿಂದಲೇ ಎಳೆದರೆ ಏನು ಕಷ್ಟ’… ಅದೇ ತಾನೇ? ಬಾಗಿಲಲ್ಲೂ ಅದನ್ನೇ ಕೇಳಿದಿರಿ. ಹೇಳುತ್ತೇನೆ, ಹೇಳುತ್ತೇನೆ, ಅದಕ್ಕೂ ಉತ್ತರ ಇದೆ. ಮೊದಲು ಈ ಪಕ್ಕದ ತಿರುಪು ಇಷ್ಟೇ ಇಷ್ಟು… ಹ್ಞಾಂ. ಈಗ ಭದ್ರ.

ನಿಮ್ಮಲ್ಲಿ ಮುಚ್ಚುಮರೆ ಏಕೆ ಸಾಹೇಬರೇ. ಅಗೋ, ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾಳಲ್ಲ, ನನ್ನವಳು. ಈ ಗೋಡೆಯಿಂದ ಆ ಗೋಡೆಯವರೆಗೆ ಅಳೆದಾಗಿದೆ. ನಾಳೆ ಹಿಟ್ಟಿನ ಗಿರಣಿ ಬರುತ್ತದಂತೆ, ಇಲ್ಲೇ, ನನ್ನ ಕುಲುಮೆ ಇರುವ ಜಾಗಕ್ಕೆ! ‘ಜನ ದಿನಾ ಹಿಟ್ಟು ಕೇಳುತ್ತಾರೆ ರೀ, ಗುಂಡು ಯಾರೂ ಕೇಳುವುದಿಲ್ಲ’ ಅನ್ನುತ್ತಾಳೆ. ನಿಮ್ಮ ಬಾಯಿಂದ ‘ಆಗಬಹುದು’ ಅಂತ ಬಂದರೆ ಬಂದೂಕು ಉಳಿಯಿತು. ‘ಬೇಡ’ ಅಂತ ಬಂದರೆ ಕುಲುಮೆ ಬೀದಿಗೆ, ನಾನು ಗಿರಣಿಯಲ್ಲಿ ಜರಡಿ ಹಿಡಿಯುವುದಕ್ಕೆ. ಹಾಗಂತ ಮಾತಾಗಿದೆ ನಮ್ಮಿಬ್ಬರಲ್ಲಿ.

ಈಗ ಹೇಳಿ. ಬೇಡವೇ? ಬೇಡ ಅನ್ನುತ್ತೀರಾ? ಕೇಳಿದೆಯೇನೇ? ಸಾಹೇಬರು ಬೇಡ ಅನ್ನಲಿಲ್ಲ! ಇನ್ನೊಂದು ಸಲ ಕೇಳಲೇ? ಸಾಹೇಬರೇ, ಬೇಡವೇ? ನೋಡಿದೆಯಾ! ಮೌನವೇ ಸಮ್ಮತಿ. ಗಿರಣಿಯವನಿಗೆ ಬರಬೇಡ ಅಂತ ಹೇಳಿಕಳಿಸು!

ಏನೇ ಅದು? ‘ಬಾಯಿ ಬಿಗಿದು ಕೂರಿಸಿದರೆ ಯಾರು ತಾನೇ ಬೇಡ ಅಂದಾರು’ ಅನ್ನುತ್ತೀಯಾ? ಸುಮ್ಮನಿರೇ! ಸಾಹೇಬರು ತಾವಾಗಿಯೇ… ಅದು ಕೆಮ್ಮಲ್ಲ, ಮೆಚ್ಚುಗೆ. ಮುಖ ಕೆಂಪಾದದ್ದು ಸಂತೋಷಕ್ಕೆ. ನೆಲಕ್ಕೆ ಕಾಲು ಬಡಿಯುತ್ತಿರುವುದು… ಅಯ್ಯಯ್ಯೋ, ಮೂಗು ಕಟ್ಟಿದೆಯೇ ಸಾಹೇಬರೇ? ನೆಗಡಿ ಇದೆ ಅಂತ ಮೊದಲೇ ಹೇಳಬಾರದೇ! ತಿರುಪು ಬಿಚ್ಚುವ ಪಾನಾ ಕೊಡೇ, ಬೇಗ! ತಿರುಪು ಹಿಡಿದುಬಿಟ್ಟಿದೆ… ತಂದೆ, ಕೈಬಿಡಬೇಡ, ಕೈಬಿಡಬೇಡ… ಬಂತು! ಉಸಿರು ಎಳೆದುಕೊಳ್ಳಿ. ಇನ್ನೊಮ್ಮೆ. ನೀರು ಕುಡಿಯಿರಿ.

ಈಗ ಮಾತಾಡಬಹುದು. ಪಟ್ಟಿ ಬಿಚ್ಚಿದೆನಲ್ಲ.

ಸಾಹೇಬರೇ?

ಬೈಯಿರಿ ಬೇಕಾದರೆ. ಬೈದರೂ ಅದೊಂದು ಮಾತೇ. ನಾನೇ ಬಿಗಿದದ್ದು ಹೌದು, ಬೇಕಂತಲೇ. ‘ಬೇಡ’ ಅನ್ನುವ ಆ ಎರಡು ಅಕ್ಷರ ಕೇಳುವ ಎದೆ ನನಗಿರಲಿಲ್ಲ. ದೇವರು ನೋಡುತ್ತಿದ್ದಾನೆ ಅಂತ ಗೊತ್ತಿದ್ದೂ ಬಿಗಿದೆ. ತಪ್ಪಾಯಿತು. ಈಗಲಾದರೂ ಏನಾದರೂ ಹೇಳಿ… ಯಾಕೆ ಹೀಗೆ ಸುಮ್ಮನೆ ಕೂತಿರಿ? ನಿಮ್ಮ ಬಾಯಿ ನಿಮ್ಮದೇ ಈಗ!

ಪಟ್ಟಿ ಏಕೆ ಹಾಗೆ ತಿರುಗಿಸಿ ತಿರುಗಿಸಿ ನೋಡುತ್ತೀರಿ? ಒಳ್ಳೆಯ ತೊಗಲು ಅದು. ಹೊಸದೇ. ಹೌದು… ಬೆವರಿನ ಕಲೆ ಇಲ್ಲ. ಸವೆದೂ ಇಲ್ಲ. ಪಟ್ಟಿ ನೋಡಿದಿರಿ, ಈಗ ನನ್ನ ಗಲ್ಲ ಏಕೆ ನೋಡುತ್ತೀರಿ? ನೋಡಬೇಡಿ ಹಾಗೆ. ಒಂದು ಪ್ರಶ್ನೆ ಕೇಳಿಬಿಡಿ, ಸುಳ್ಳಾದರೂ ಹೇಳಿಬಿಡುತ್ತೇನೆ. ಹೀಗೆ ಸುಮ್ಮನೆ ನೋಡಿದರೆ ನಾನು ಏನು ಮಾಡಲಿ?

ಇಲ್ಲ ಸಾಹೇಬರೇ. ಇದನ್ನು ನಾನು ಒಮ್ಮೆಯೂ ಹಾಕಿಕೊಂಡಿಲ್ಲ.

ಹೆದರಿಕೆಗಲ್ಲ. ಹಾಕಿಕೊಂಡರೆ ಸುಮ್ಮನಿರಬೇಕಲ್ಲ! ನಾನು ಸುಮ್ಮನಾದೆನೋ, ಒಳಗಿನಿಂದ ಒಂದು ದನಿ ಏಳುತ್ತದೆ. ‘ಮೇಸ್ತ್ರಿ, ಕೈಯಿಂದಲೇ ಎಳೆದರೆ ಏನು ಕಷ್ಟ?’ ಅಂತ. ನೀವು ಕೇಳಿದ್ದು ಇವತ್ತು. ಅದು ಕೇಳುತ್ತಿರುವುದು ಮೊದಲ ದಿನದಿಂದ. ಅದಕ್ಕೇ ಮಾತಾಡುತ್ತೇನೆ. ಕುಲುಮೆಯ ಹತ್ತಿರ, ಊಟಕ್ಕೆ ಕೂತಾಗ, ನಿದ್ದೆಯಲ್ಲಿ ಕೂಡ… ಇವಳನ್ನೇ ಕೇಳಿ. ದೇವರ ಮುಂದೆಯೂ ನಾನೊಬ್ಬನೇ ಮಾತಾಡುವುದು. ಆ ದಯಾಮಯನಿಗೆ ಒಂದು ಉತ್ತರ ಹೇಳುವುದಕ್ಕೆ ಸಂದು ಕೊಟ್ಟವನಲ್ಲ ನಾನು. ಕೊಟ್ಟಿದ್ದರೆ ಆತನೂ ಇದನ್ನೇ ಕೇಳಿರುತ್ತಿದ್ದ.

ನಗುತ್ತೀಯೇನೇ? ನಗು. ಓ… ಅಳುತ್ತಿದ್ದೀಯಾ. ಹುಚ್ಚಿ, ಗಿರಣಿ ಬರಲಿ ಬಿಡು. ಕುಲುಮೆಯನ್ನು ನಾನೇ ಜರುಗಿಸುತ್ತೇನೆ.

ಏನು ಸಾಹೇಬರೇ? ಕುರ್ಚಿ ಬಿಟ್ಟು ಎದ್ದಿರಿ… ನಾನೇ ಕೂರಬೇಕೇ? ಹ್ಞೂಂ. ನ್ಯಾಯವೇ. ಮಾಡಿದವನೇ ಒಮ್ಮೆ ಉಣ್ಣಲಿ. ಗಲ್ಲ ಮುಂದಕ್ಕೆ… ಗೊತ್ತು, ಗೊತ್ತು. ತಣ್ಣಗಿದೆ ತೊಗಲು. ಒಂದೇ ನಿಮಿಷ, ಬಿಗಿಯುವ ಮೊದಲು ಒಂದು ಮಾತು. ಇಷ್ಟೊಂದು ವಟವಟ ಸಹಿಸಿ ಕೂತು ಕೇಳಿದಿರಿ, ನೀವೂ, ಬಾಗಿಲಲ್ಲಿ ನಿಂತ ಇವಳೂ, ಗೋಡೆಯಾಚೆ ಕಿವಿಯಿಟ್ಟವರೂ. ಕೇಳಿದವರೆಲ್ಲರ ಮನೆ ತಣ್ಣಗಿರಲಿ, ಕಣಜ ತುಂಬಿರಲಿ, ದವಡೆ ಗಟ್ಟಿಯಾಗಿರಲಿ, ಆಡಬೇಕಾದ ಮಾತು ಹೊತ್ತಿಗೆ ಸರಿಯಾಗಿ ಬಾಯಿಗೆ ಬರಲಿ. ದೇವರು ಎಲ್ಲರನ್ನೂ ಚೆನ್ನಾಗಿ ಇಟ್ಟಿರ…