ಬಾವಿ ಪಕ್ಕದ ಎದುರಾಳಿ

ದನಿ ತಗ್ಗಿಸಿಯೇ ಹೇಳುತ್ತೇನೆ. ಆ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಇದು ಆ ಗೋಡೆಯ ಆಚೆ ನಡೆದದ್ದು.

ಆಕೆಯನ್ನು ಎಲ್ಲರೂ ಟೈಲರ್ ಅಕ್ಕ ಎನ್ನುತ್ತಾರೆ. ಯೂನಿಫಾರಂ ಹೊಲಿಯುವ ಕಾರ್ಖಾನೆಯಲ್ಲಿ ಎರಡನೇ ಪಾಳಿ. ಕೆಲಸ ಬಿಟ್ಟು ಬರುವ ಹೊತ್ತಿಗೆ ರಸ್ತೆ ಖಾಲಿ. ದಾರಿಯಲ್ಲೊಂದು ಹಾಳುಬಾವಿ. ಹೆದರಿಕೆ ಮರೆಯಲು ಅಕ್ಕ ಮೊಬೈಲಿನಲ್ಲಿ ಚೆಸ್ ಆಡುತ್ತಾ ನಡೆಯುತ್ತಿದ್ದಳು. ಆಟ ಕಲಿಸಿದ್ದು ಅಪ್ಪ, ರಿಟೈರಾದ ಬಸ್ ಕಂಡಕ್ಟರ್. ಇಬ್ಬರಿಗೂ ಅದೇ ಹುಚ್ಚು. ಬೇರೆ ಮನೆಗಳಲ್ಲಿ ಊಟ ಆಯ್ತಾ ಎಂದು ಕೇಳಿದರೆ ಅವರ ಮನೆಯಲ್ಲಿ ಕೇಳುವುದು, "ನಂಬರ್ ಎಷ್ಟಾಯ್ತು?"

ನಂಬರ್ ಎಂದರೆ ರೇಟಿಂಗ್. ಗೆದ್ದರೆ ನಿಮ್ಮದು ಏರುತ್ತದೆ, ಸೋತವರದು ಇಳಿಯುತ್ತದೆ. ಗಟ್ಟಿ ಆಸಾಮಿಯನ್ನು ಸೋಲಿಸಿದರೆ ಜಾಸ್ತಿ ಅಂಕ, ಎಳಸನ್ನು ಸೋಲಿಸಿದರೆ ಚೂರುಪಾರು. ಅಂಕವೇನು ಆಕಾಶದಿಂದ ಉದುರುತ್ತದೆಯೇ? ಯಾರಿಂದಲೋ ಕಿತ್ತೇ ಇನ್ನೊಬ್ಬರಿಗೆ ಬರಬೇಕು.

ಆ ರಾತ್ರಿ ಬಾವಿಯ ಹತ್ತಿರ ಬಂದಾಗ ಹೊಸ ಎದುರಾಳಿ ಸಿಕ್ಕ. ಹೆಸರಿಲ್ಲ, ಫೋಟೋ ಇಲ್ಲ. ರೇಟಿಂಗ್ ಮಾತ್ರ... ಅಕ್ಕನದಷ್ಟೇ. ಒಂದಂಕ ಹೆಚ್ಚಿಲ್ಲ, ಕಡಿಮೆಯಿಲ್ಲ.

ಟಕ್. ಅವನ ರಾಣಿ ಬಂದು ಅಕ್ಕನ ಕಾಲಾಳಿನ ಬಾಯಿಗೇ ಬಿತ್ತು. ಟಕ್... ಟಕ್. ಅಕ್ಕ ಗೆದ್ದಳು. ಎಂಟು ಅಂಕ ಏರಿತು. ಅವನದೂ ಎಂಟು ಏರಿತು. ಸೋತವನದು!

ಮನೆಯಲ್ಲಿ ಅಪ್ಪ ಮೊಬೈಲ್ ಹಿಡಿದು ಕೂತಿದ್ದರು.

"ಇದೇನಮ್ಮಾ, ನಾನಿವತ್ತು ಆಡೇ ಇಲ್ಲ. ಹದಿನಾರು ಕಮ್ಮಿ ಆಗಿದೆ."

"ಆಪ್ ಕೆಟ್ಟಿರ್ಬೇಕು ಬಿಡಪ್ಪಾ," ಎಂದು ಅಕ್ಕ ನಕ್ಕಳು. ಅಪ್ಪನ ಕೈಯಲ್ಲಿದ್ದ ಲೋಟ ತಟ್ಟೆಗೆ ತಾಗಿ ಟಿಣಿಟಿಣಿ ಅನ್ನುತ್ತಿತ್ತು.

ದಿನಾ ಅದೇ ಎದುರಾಳಿ, ದಿನಾ ಗೆಲುವು. ಅಪ್ಪ ಮೊದಲು ಮೆಟ್ಟಿಲು ಹತ್ತುವುದು ಬಿಟ್ಟರು, ಆಮೇಲೆ ಊಟ ಬಿಟ್ಟರು, ಕೊನೆಗೆ ಹಾಸಿಗೆ ಹಿಡಿದರು. ಡಾಕ್ಟರಿಗೆ ಏನೂ ಸಿಗಲಿಲ್ಲ. ಇಬ್ಬರ ನಂಬರನ್ನೂ ಒಟ್ಟಿಗೆ ಇಟ್ಟು ನೋಡಿದ ಅಕ್ಕನಿಗೆ ಲೆಕ್ಕ ಹೊಳೆಯಿತು. ಅಪ್ಪನನ್ನು ನಾನೇ ತಿನ್ನುತ್ತಿದ್ದೇನೆ... ನನಗೆಂಟು, ಅವನಿಗೆಂಟು.

ಬೇಕೆಂದೇ ಸೋತು ನೋಡಿದಳು. ಅಪ್ಪನ ಅಂಕ ವಾಪಸು ಬರಲಿಲ್ಲ. ಅವಳದು ಇಳಿಯಿತು, ಮರುದಿನ ಕತ್ತರಿ ಹಿಡಿಯಲು ಬೆರಳು ಮಡಚಲಿಲ್ಲ. ಆಪ್ ಕಿತ್ತುಹಾಕಿ, ಮೊಬೈಲ್ ಆಫ್ ಮಾಡಿ ನಡೆದಳು. ಬಾವಿ ಬಂತು... ಬ್ಯಾಗಿನೊಳಗೆ, ಟಕ್. ಆಡದೆ ಬಿಟ್ಟರೆ ಟೈಮ್ ಮುಗಿದು ಅದೂ ಸೋಲೇ.

ಆ ರಾತ್ರಿ ಅಪ್ಪನ ಕಿವಿಯ ಬಳಿ ಕೂತು ಎಲ್ಲ ಹೇಳಿಕೊಂಡು ಅತ್ತಳು. ಅಪ್ಪ ಬೈಯಲಿಲ್ಲ.

"ಅವನೂ ನೀನೂ ಸರಿಸಮ ತಾನೇ?" ಪಿಸುದನಿ.

"ಹೂಂ."

"ಸರಿಸಮದವ್ರು ಡ್ರಾ ಮಾಡ್ಕೊಂಡ್ರೆ... ಯಾರ್ದೂ ಅಲುಗಲ್ಲ ಮಗಳೇ."

ಮರುರಾತ್ರಿ ಅಕ್ಕ ಬಾವಿಕಟ್ಟೆಯ ಮೇಲೇ ಕೂತಳು. ಡ್ರಾ ಕೇಳಿದಳು, ಅವನು ಒಪ್ಪಲಿಲ್ಲ. ಟಕ್, ರಾಣಿ ಕೊಟ್ಟ. ಟಕ್, ಆನೆ ಕೊಟ್ಟ. ಕುದುರೆ, ಕಾಲಾಳು... ಅವನೇ ಒಂದು ಗುಂಡಿ ಒತ್ತಿ ಸೋಲೊಪ್ಪಿಕೊಳ್ಳಬಹುದಿತ್ತು, ಒತ್ತಲಿಲ್ಲ. ಅಪ್ಪನ ಅಂಕ ಅಕ್ಕನ ಕೈಯಿಂದಲೇ ಹೋಗಬೇಕಿತ್ತು ಅದಕ್ಕೆ. ಕೊಟ್ಟದ್ದನ್ನೆಲ್ಲ ಅಕ್ಕ ತೆಗೆದುಕೊಂಡಳು. ಕೊನೆಗೆ ಅವನ ರಾಜನೊಬ್ಬನೇ ಮೂಲೆಯಲ್ಲಿ ಉಳಿದ. ಇನ್ನೊಂದೇ ನಡೆ, ಅವಳ ಗೆಲುವು... ಅಪ್ಪನ ಕತೆ ಮುಗಿಯಿತು. ಬೆವರಿದ ಬೆರಳಲ್ಲಿ ರಾಣಿಯನ್ನು ಎತ್ತಿ ಒಂದು ಮನೆ ಈಚೆಗೆ ಇಟ್ಟಳು. ರಾಜನಿಗೆ ಚೆಕ್ ಇಲ್ಲ... ಕಾಲಿಡಲು ಮನೆಯೂ ಇಲ್ಲ, ಹಾಗಾದರೆ ಯಾರಿಗೂ ಗೆಲುವಿಲ್ಲ. ಡ್ರಾ.

ಬಾವಿಯೊಳಗಿಂದ ಉಸ್ಸ್... ಎಂದು ಉದ್ದನೆಯ ಉಸಿರು. ಯಾರ ಅಂಕವೂ ಅಲುಗಲಿಲ್ಲ.

ಇವತ್ತಿಗೂ ಅಕ್ಕ ದಿನಾ ಹಾಗೇ ಡ್ರಾ ಮಾಡಿಕೊಂಡೇ ಮನೆಗೆ ಬರುತ್ತಾಳೆ. ಕಟ್ಟುಕತೆ ಅನ್ನುವವರು ಒಂದು ರಾತ್ರಿ ಅವಳ ಜೊತೆ ನಡೆದು ಬರಲಿ.

ಮೊನ್ನೆ ಅಪ್ಪ ತಾವಾಗಿಯೇ ಎದ್ದು ಕೂತು ಹಸಿವು ಎಂದರು. ಅಕ್ಕ ಓಡಿಹೋಗಿ ಅವರ ಮೊಬೈಲ್ ನೋಡಿದಳು. ಗೋಡೆಯ ಆಚೆಯಿಂದ ನನ್ನನ್ನೂ ಕರೆದಳು, ನಾನೂ ಈ ಕಣ್ಣಾರೆ ನೋಡಿದೆ. ಅಪ್ಪ ಆಟವನ್ನೇ ಆಡಿಲ್ಲ, ರೇಟಿಂಗ್ ಎಂಟು ಏರಿತ್ತು. ಆ ಎಂಟು ಯಾರದು ಎಂದು ಅಪ್ಪ ಕೇಳಲಿಲ್ಲ. ಅಕ್ಕನೂ ಕೇಳಲಿಲ್ಲ... ಇನ್ನೊಂದಿಷ್ಟು ಅನ್ನ ಬಡಿಸಿದಳು.