ಮೂರು ಕಚ್ಚಿನ ಸೀಡರ್ ಮರ

ಹನ್ನೊಂದು ಹೊಡೆದಿರಬೇಕು. ಓಸ್‌ಬರ್ಟ್ ದಡದಿಂದ ಮನೆಗೆ ಹೊರಟಿದ್ದ. ಬಾವಿ ದಾಟಿದರೆ ಬೂರುಗದ ಮರ, ಬೂರುಗ ದಾಟಿದರೆ ಏರು, ಏರಿನ ಮೇಲೆ ಮನೆ. ಬೆಳದಿಂಗಳಿರಲಿಲ್ಲ. ಗಾಳಿ ಇತ್ತು, ನಮ್ಮಲ್ಲಿ ಅದು ಇಲ್ಲದ ರಾತ್ರಿಯೇ ಇಲ್ಲ. ಬೂರುಗದ ಬುಡಕ್ಕೆ ಬಂದಾಗ ಹಿಂದಿನಿಂದ, ಕೆಳಗೆ ದಡದ ಕಡೆಯಿಂದ...

ಟಕ್. ಟಕ್.

ಆಮೇಲೆ ಸುಮ್ಮನೆ.

ಟಕ್. ಟಕ್.

ಬಾಚಿಯ ಸದ್ದು. ಒಣಮರಕ್ಕೆ ಬಿದ್ದರೆ ಬಾಚಿ ಠಣ್ ಅನ್ನುತ್ತದೆ, ಹಸಿಮರಕ್ಕೆ ಬಿದ್ದರೆ ಟಕ್. ಇದು ಹಸಿಮರ. ಇಡೀ ದಡದಲ್ಲಿ ಹಸಿಮರ ಇದ್ದದ್ದು ಒಂದೇ ಕಡೆ, ಓಸ್‌ಬರ್ಟ್ ಕಟ್ಟುತ್ತಿದ್ದ ಹಾಯಿದೋಣಿಯ ಮೂತಿಯಲ್ಲಿ. ಅವನ ಬಾಚಿಯೋ, ಅವನ ಹೆಗಲ ಮೇಲೇ ಇತ್ತು!

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಪುಕ್ಕಲನಲ್ಲ. ವಿಂಡ್‌ವರ್ಡ್ ಊರಿನಲ್ಲಿ ಕೆಂಡಲ್ ಯಾರು ಅಂತ ಕೇಳಿ ನೋಡಿ. ಹದಿನಾರಕ್ಕೇ ಒಬ್ಬನೇ ಹಾಯಿ ಬಿಚ್ಚಿ ಯೂನಿಯನ್ ದ್ವೀಪಕ್ಕೆ ಹೋಗಿ ಬಂದವನು, ಅದೂ ಅಪ್ಪನಿಗೆ ಹೇಳದೆ. ಕ್ಯಾರಿಯಾಕೂ ದ್ವೀಪದಲ್ಲಿ ನಮ್ಮೂರಿನವರ ಹಾಗೆ ಮರದ ದೋಣಿ ಕಟ್ಟುವವರಿಲ್ಲ, ನಮ್ಮೂರಲ್ಲಿ ನಮ್ಮ ಮನೆಯವರ ಹಾಗೆ ಕಟ್ಟುವವರಿಲ್ಲ. ಜಂಬ ಅನ್ನಿ, ಇದ್ದದ್ದೇ ಹಾಗೆ. ಓಸ್‌ಬರ್ಟ್ ನನ್ನ ಚಿಕ್ಕಪ್ಪನ ಮಗ. ಅವನಿಗೆ ಆದದ್ದರಲ್ಲಿ ಅರ್ಧ ನನ್ನ ಕಿವಿಯಲ್ಲೇ ಕೇಳಿದ್ದೇನೆ. ಅದಕ್ಕೇ ಹೇಳುತ್ತಿದ್ದೇನೆ.

ಅವನು ವಾಪಸ್ ಇಳಿದು ಹೋದ. ದೋಣಿಯ ಹತ್ತಿರ ಯಾರೂ ಇಲ್ಲ. ಮೂತಿಯ ಕೆಳಗೆ ಮರಳಿನ ಮೇಲೆ ಚಕ್ಕೆಗಳ ಗುಡ್ಡೆ. ಮುಟ್ಟಿದ. ತೇವ. ಸೀಡರಿನ ಹಸಿ ವಾಸನೆ.

ಬೆಳಿಗ್ಗೆ ನನಗೆ ಹೇಳಿದಾಗ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

"ಅಣ್ಣಾ, ರಮ್ಮಿಗೆ ನೀರು ಬೆರೆಸ್ಕೊಂಡು ಕುಡಿ. ಯಾವನೋ ಪುಣ್ಯಾತ್ಮ ಬಿಟ್ಟಿ ಕೆಲಸ ಮಾಡಿಕೊಟ್ಟು ಹೋಗಿದ್ದಾನೆ, ಮಾಡ್ಲಿ ಬಿಡು!"

ಅವನು ನಗಲಿಲ್ಲ. ಕೈಯಲ್ಲಿದ್ದ ಚಕ್ಕೆಯನ್ನು ತಿರುಗಿಸುತ್ತಾ ನಿಂತ.

"ಆ ಮೂತಿಯ ಬಾಗುಮರ ಎಲ್ಲಿಂದ ತಂದೆ ಗೊತ್ತೇನೋ ನಿಂಗೆ?"

"ಗುಡ್ಡದಿಂದ."

"ಗುಡ್ಡದಿಂದಾನೇ. ಅದಕ್ಕೆ ಮೂರು ಕಚ್ಚು ಇತ್ತು ಕಣೋ."

ನನ್ನ ನಗು ಅಲ್ಲಿಗೇ ನಿಂತಿತು.

ನಮ್ಮಲ್ಲಿ ದೋಣಿ ಕಟ್ಟುವವನು ಮರ ಎಳೆಯದಾಗಿರುವಾಗಲೇ ನೋಡಿಟ್ಟಿರುತ್ತಾನೆ. ಗಾಳಿ ಅದನ್ನು ವರ್ಷವರ್ಷ ಬಗ್ಗಿಸುತ್ತಾ ಹೋಗುತ್ತದೆ. ಇದು ಪಕ್ಕೆಗೆ, ಇದು ಮೂತಿಗೆ ಅಂತ ಬಾಗು ನೋಡಿ ಗೊತ್ತು ಮಾಡಿ, ತೊಗಟೆಗೆ ತನ್ನ ಗುರುತಿನ ಕಚ್ಚು ಹಾಕುತ್ತಾನೆ. ಹಾಕಿದ ಮೇಲೆ ಅದು ಅವನ ಮರ. ಸತ್ತರೂ ಅವನದೇ. ಗೋರಿಯ ಮೇಲೆ ಕಲ್ಲು ನಿಲ್ಲಿಸಿ, ಊರಿಗೆ ಕಲ್ಲಿನ ಊಟ ಹಾಕಿ, ರಾತ್ರಿಯಿಡೀ ಡೋಲು ಬಡಿದು ಅವನನ್ನು ಕಳಿಸಿಕೊಡುವವರೆಗೆ ಯಾರೂ ಮುಟ್ಟುವ ಹಾಗಿಲ್ಲ. ಮುಟ್ಟಿ ದೋಣಿ ಕಟ್ಟಿದರೆ, ವರ್ಷ ತುಂಬುವುದರೊಳಗೆ ಆ ದೋಣಿ ಕಟ್ಟಿದವನನ್ನೇ ಒಯ್ಯುತ್ತದೆ. ಅಜ್ಜಂದಿರ ಕಾಲದ ಮಾತು. ಒಯ್ದದ್ದೂ ಉಂಟು.

ಮೂರು ಕಚ್ಚು ಅಂದರೆ ಯುರಾಯಸ್ ದೊಡ್ಡಪ್ಪ. ಸತ್ತು ಎರಡು ವರ್ಷ ದಾಟಿತ್ತು. ಹೆಸರು ಕೊರೆದ ಕಲ್ಲು ದೊಡ್ಡಮ್ಮನ ಮನೆಯ ಜಗಲಿಯ ಕೆಳಗೆ ಗೋಣಿ ಹೊದ್ದು ಮಲಗಿತ್ತು. ಮಗ ಲೆನ್ನಾರ್ಡ್ ಇಂಗ್ಲೆಂಡಿನಿಂದ ಬಂದ ಮೇಲೆ ನಿಲ್ಲಿಸುವುದು ಅಂತ.

"ಬೇರೆ ಮರ ಸಿಗಲಿಲ್ವಾ ನಿಂಗೆ?" ಅಂದೆ.

"ಅಂಥಾ ಬಾಗು ಇನ್ನೊಂದಿಲ್ಲ ಕೆಂಡಲ್. ಆಗಸ್ಟಿನ ಪಂದ್ಯಕ್ಕೆ ದೋಣಿ ನೀರಿಗೆ ಬೀಳ್ಬೇಕು. ಸತ್ತವನಿಗೆ ಮರ ಯಾಕೆ ಅಂದ್ಕೊಂಡೆ."

ಆರು ವರ್ಷ ಕಟ್ಟಿದ ದೋಣಿ ಅದು. ಮೀನು ಹಿಡಿದು ಬಂದು, ಉಳಿದ ಬೆಳಕಿನಲ್ಲಿ ಒಂದೊಂದೇ ಹಲಗೆ. ಮೂತಿಯ ಮರ ತೆಗೆಯಬೇಕೆಂದರೆ ಅದಕ್ಕೆ ಬಂದು ಸೇರಿದ ಹಲಗೆಗಳನ್ನೆಲ್ಲ ಕೀಳಬೇಕು. ಕಿತ್ತರೆ ದೋಣಿ ಹೋಯಿತು. ಬಿಟ್ಟರೆ... ಅವನೇ ಹೋಗಬಹುದು. ಅವನ ಹೆಂಡತಿ ಆಗ ಏಳು ತಿಂಗಳ ಬಸುರಿ.

ಆ ರಾತ್ರಿ ನಾವಿಬ್ಬರೂ ದೋಣಿಯೊಳಗೆ ಎಡೆ ಇಟ್ಟೆವು. ಜೋಳದ ಮುದ್ದೆ, ತೊಗರಿಕಾಳು, ಹುರಿದ ಮೀನು, ಒಂದು ಲೋಟ ನೀರು, ಒಂದು ಲೋಟ ರಮ್. ಎಡೆ ಇಟ್ಟ ಮೇಲೆ ನೋಡಬಾರದು. ಇಪ್ಪತ್ತು ಮಾರು ದೂರದಲ್ಲಿ, ಮಗುಚಿ ಹಾಕಿದ ಒಂದು ಹಳೇ ದೋಣಿಗೆ ಬೆನ್ನು ಕೊಟ್ಟು ಕೂತೆವು.

"ನಿದ್ದೆ ಬಂದ್ರೆ ಮಲಕ್ಕೋ ಅಣ್ಣಾ. ದೊಡ್ಡಪ್ಪ ಬಂದ್ರೆ ನಾನು ಮಾತಾಡಿಸ್ತೀನಿ," ಅಂದೆ.

"ಬಾಯ್ಮುಚ್ಚು," ಅಂತ ಪಿಸುಗುಟ್ಟಿದ.

ಗಂಟೆ ಎಷ್ಟೋ.

ಟಕ್. ಟಕ್.

ಸುಮ್ಮನೆ.

ಟಕ್. ಟಕ್. ಸರ್ರ್... ಚಕ್ಕೆ ಹಲಗೆಯ ಮೇಲೆ ಜಾರಿ ಮರಳಿಗೆ ಬಿದ್ದ ಸದ್ದು.

ಮಾತಾಡಿಸಿದೆನಾ? ಇಲ್ಲ. ಹೆದರಿಕೆಯಿಂದಲ್ಲ, ನಾಲಿಗೆ ಅಂಟಿಕೊಂಡಿತ್ತು. ಅವೆರಡೂ ಬೇರೆ ಬೇರೆ.

ಬೆಳಕು ಹರಿದು ನೋಡಿದರೆ ದೋಣಿಯೊಳಗೆ ನೀರಿನ ಲೋಟ ಬಿಟ್ಟು ಎಡೆ ಇಲ್ಲ. ನಾಯಿ ತಿಂದಿರಬೇಕು ಅಂದುಕೊಂಡೆವು. ನಾಯಿ ತಟ್ಟೆಯನ್ನೂ ತಿನ್ನುತ್ತದೆಯೇ? ಅಷ್ಟರಲ್ಲಿ ಏರಿನಿಂದ ದೊಡ್ಡಮ್ಮ ಇಳಿದು ಬರುತ್ತಿದ್ದಳು. ಯೂಫೀಮಿಯಾ ದೊಡ್ಡಮ್ಮ, ಎಪ್ಪತ್ತೊಂದು ವರ್ಷ, ಕೋಲು ಹಿಡಿದವಳಲ್ಲ. ಒಂದು ಕೈಯಲ್ಲಿ ನಮ್ಮ ತಟ್ಟೆ, ಇನ್ನೊಂದರಲ್ಲಿ ರಮ್ಮಿನ ಲೋಟ. ಮುದ್ದೆ ಮುರಿದಿಲ್ಲ, ಮೀನು ಮುಟ್ಟಿಲ್ಲ, ರಮ್ ಲೋಟದ ಅಂಚಿನವರೆಗೆ ಹಾಗೇ ಇದೆ.

"ನನ್ನ ಹೊಸಲ ಮೇಲೆ ಯಾರ್ರೋ ಇದನ್ನ ಇಟ್ಟೋರು?"

ಓಸ್‌ಬರ್ಟ್ ಮರಳು ನೋಡಿದ. ಆಮೇಲೆ ಎಲ್ಲ ಹೇಳಿದ. ಕಚ್ಚಿನ ವಿಷಯವನ್ನೂ.

ದೊಡ್ಡಮ್ಮ ತಟ್ಟೆಯನ್ನು ಮರಳ ಮೇಲಿಟ್ಟು ಮೂತಿಯ ಮರವನ್ನು ಅಂಗೈಯಿಂದ ಸವರಿದಳು. "ಕಳ್ಳ ನನ್ಮಗನೇ," ಅಂದಳು. "ಕೇಳಿದ್ರೆ ಇಲ್ಲ ಅಂತಿದ್ನಾ ನಾನು?"

"ತಪ್ಪಾಯ್ತು ದೊಡ್ಡಮ್ಮ. ಕಲ್ಲು ನಿಲ್ಲಿಸಿಬಿಡೋಣ. ಈ ವಾರಾನೇ. ಕುರಿ ನಾನು ಕೊಡ್ತೀನಿ, ಡೋಲಿನೋರನ್ನ ನಾನೇ ಕರೀತೀನಿ."

"ಲೆನ್ನಾರ್ಡ್ ಬರ್ದೆ?"

"ದೊಡ್ಡಮ್ಮ, ನನ್ನ ಜೀವದ ಮಾತಿದು."

"ಹೆತ್ತ ಮಗ ಇಲ್ದೆ ಅಪ್ಪನ ಕಲ್ಲು ನಿಲ್ಲಿಸಿದ್ರೆ ಅವನು ಇನ್ನ ಈ ಊರಿಗೆ ಯಾಕೋ ಬರ್ತಾನೆ? ಅದೊಂದೇ ಅಲ್ವೇನೋ ಅವನನ್ನ ಎಳ್ಕೊಂಡು ಬರೋದು? ನಿಂಗೆ ನಿನ್ನ ದೋಣಿ. ನಂಗೆ ನನ್ನ ಮಗ."

ದೊಡ್ಡಮ್ಮ ತಟ್ಟೆ ಅಲ್ಲೇ ಬಿಟ್ಟು ಹೊರಟಳು. ಹೋಗುವಾಗ ತಿರುಗಿ ಕೇಳಿದಳು:

"ಸದ್ದು ಹೆಂಗೆ ಬರುತ್ತೆ?"

"ಎರಡು ಏಟು... ಆಮೇಲೆ ನಿಲ್ಲುತ್ತೆ."

ದೊಡ್ಡಮ್ಮನ ಮುಖ ಒಂದು ಥರಾ ಆಯಿತು. "ರಾತ್ರಿ ನಾನೂ ಬರ್ತೀನಿ," ಅಂದಳು.

ಬಂದಳು. ಬಿಳಿ ಬಟ್ಟೆ ತಲೆಗೆ ಕಟ್ಟಿದ್ದಳು. ಮೂವರೂ ಅದೇ ಮಗುಚಿದ ದೋಣಿಯ ಹಿಂದೆ. ಗಾಳಿಗೆ ಎಲ್ಲೋ ಒಂದು ಹಗ್ಗ ಕಂಬಕ್ಕೆ ಬಡಿಯುತ್ತಿತ್ತು, ಟಿಣ್ ಟಿಣ್ ಟಿಣ್. ಅದರ ನಡುವೆ...

ಟಕ್. ಟಕ್.

ದೊಡ್ಡಮ್ಮ ನನ್ನ ಮೊಣಕೈ ಹಿಡಿದಳು. ಉಗುರು ಇಳಿಯಿತು.

"ಎರಡು ಏಟು, ಒಂದು ಉಸಿರು," ಅಂತ ಪಿಸುಗುಟ್ಟಿದಳು. "ಎದೆ ಕಟ್ಟಿದ ಮೇಲೆ ನಿಮ್ಮ ದೊಡ್ಡಪ್ಪ ಹಂಗೇ ಹೊಡೀತಿದ್ರು. ಮೂರನೇದಕ್ಕೆ ಕೈ ಏಳ್ತಿರಲಿಲ್ಲ."

ಎದ್ದು ನಡೆದೇಬಿಟ್ಟಳು. ನಾವು ಏಳಲಿಲ್ಲ. ಓಸ್‌ಬರ್ಟ್ ಏಳಲಿಲ್ಲ ಅಂತ ನಾನೂ ಏಳಲಿಲ್ಲ. ಕತ್ತಲಲ್ಲಿ ಬಿಳಿ ತಲೆಬಟ್ಟೆ ದೋಣಿಯ ಮೂತಿಯವರೆಗೆ ಹೋಗಿ ನಿಂತಿತು. ಸದ್ದು ನಿಂತಿತು. ಅವಳ ದನಿ ಸ್ಪಷ್ಟವಾಗಿ ಕೇಳಿಸಿತು, ಮನೆಯೊಳಗೆ ಗಂಡನಿಗೆ ಹೇಳುವ ಹಾಗೆ.

"ಹುಡುಗ ಕೇಳದೆ ಕಡಿದ. ತಪ್ಪೇ. ಅವನ ಹೆಂಡ್ತಿ ಬಸುರಿ, ಗೊತ್ತಾ ನಿಮಗೆ? ಅವನನ್ನ ಕರಕೊಂಡು ಹೋಗ್ಬೇಡಿ. ಕಲ್ಲಿಗೆ ಇನ್ನೂ ಹೊತ್ತಿದೆ, ಮಗ ಬರ್ಬೇಕು. ಅಲ್ಲೀವರೆಗೆ ಎಲ್ಲಿರ್ತೀರೋ ಇರಿ... ಇಲ್ಲೇ ಇರ್ತೀರಾದ್ರೆ ಇಲ್ಲೇ ಇರಿ."

ಆಮೇಲೆ ಮರದ ಮೇಲೆ ಕಬ್ಬಿಣ ಇಟ್ಟ ಸದ್ದು. ಎಸೆದದ್ದಲ್ಲ. ಇಟ್ಟದ್ದು.

ಬೆಳಿಗ್ಗೆ ನೋಡಿದೆವು. ಮೂತಿಯ ಮರ ಎಡಗಡೆ ಒಂದು ಬೆರಳು ದಪ್ಪ ಉಳಿದಿತ್ತು ಅಂತ ನಾನೇ ಓಸ್‌ಬರ್ಟ್‌ಗೆ ಎಷ್ಟೋ ಸಲ ಹೇಳಿದ್ದೆ, ಕೇಳಿರಲಿಲ್ಲ. ಈಗ ಎರಡೂ ಕಡೆ ಸಮ. ಕೈಯಾಡಿಸಿದರೆ ಬಾಚಿಯ ಗುರುತೇ ಸಿಗದು. ನಾನು ಕೂಡ ಅಷ್ಟು ನಯವಾಗಿ ಮಾಡಲಾರೆ, ಇದನ್ನು ನಾನು ಸುಲಭಕ್ಕೆ ಒಪ್ಪುವವನಲ್ಲ. ಸದ್ದು ಆಮೇಲೆ ಬರಲಿಲ್ಲ.

ಜುಲೈ ಕೊನೆಗೆ ದೋಣಿ ನೀರಿಗಿಳಿಯಿತು. ಪಾದ್ರಿ ನೀರು ಚಿಮುಕಿಸಿದರು, ಕುರಿಯ ರಕ್ತ ಮೂತಿಗೆ ಬಿತ್ತು, ಆಸರೆಯ ಕಂಬಗಳನ್ನು ಒಂದೊಂದಾಗಿ ಕೊಡಲಿಯಿಂದ ಕಡಿದು ಊರೆಲ್ಲ ಹಗ್ಗ ಹಿಡಿದು ಎಳೆಯಿತು. ಪಂದ್ಯದಲ್ಲಿ ಎರಡನೆಯದಾಗಿ ಬಂತು. ಚುಕ್ಕಾಣಿ ನನ್ನ ಕೈಯಲ್ಲಿದ್ದಿದ್ದರೆ ಮೊದಲನೆಯದಾಗುತ್ತಿತ್ತು, ಅದಿರಲಿ. ಓಸ್‌ಬರ್ಟ್‌ಗೆ ಹೆಣ್ಣು ಮಗು ಹುಟ್ಟಿತು. ವರ್ಷ ತುಂಬುವವರೆಗೆ ಅವನ ಹೆಂಡತಿ ದಿನಾ ಸಂಜೆ ದಡಕ್ಕೆ ಬಂದು, ಹಾಯಿ ಕಂಡ ಮೇಲೆಯೇ ಒಲೆ ಹಚ್ಚುತ್ತಿದ್ದಳು. ವರ್ಷ ತುಂಬಿತು. ಅವನು ಬದುಕಿದ್ದಾನೆ.

ದೋಣಿ ನೀರಿಗಿಳಿದ ವರ್ಷದ ಕ್ರಿಸ್‌ಮಸ್ಸಿಗೇ ಲೆನ್ನಾರ್ಡ್ ಬಂದಿದ್ದ. ಕಲ್ಲು ನಿಲ್ಲಿಸೋಣ ಅಂದ. ಎರಡು ವರ್ಷ ಅದಕ್ಕೇ ಕಾದ ದೊಡ್ಡಮ್ಮ ಬೇಡ ಅಂದುಬಿಟ್ಟಳು. "ಗೋರೀಲಿ ಇಲ್ದೇ ಇರೋರಿಗೆ ಅಲ್ಲಿ ಕಲ್ಲು ಯಾಕೋ?" ಅಂದಳಂತೆ. ಮಗ ಮುನಿಸಿಕೊಂಡು ಹೋದ. ಮತ್ತೆ ಬಂದಿಲ್ಲ.

ನೀವು ನಂಬಿ, ಬಿಡಿ. ದೋಣಿ ಈಗಲೂ ನಮ್ಮ ಕೊಲ್ಲಿಯಲ್ಲೇ ನಿಲ್ಲುತ್ತದೆ. ಎಲ್ಲರೂ ಇಳಿದ ಮೇಲೆ, ಹಾಯಿ ಸುತ್ತಿ, ಬಲೆ ಹೊರತೆಗೆದು, ಅಡಿಯ ಭಾರದ ಕಲ್ಲುಗಳನ್ನೆಲ್ಲ ಮುಂದಕ್ಕೆ ಸರಿಸಿದ ಮೇಲೂ, ಹಿಂದೆ ಚುಕ್ಕಾಣಿಯ ಎಡಗಡೆ ಅದು ನೀರಿಗೆ ಎರಡು ಬೆರಳು ತಗ್ಗಿಕೊಂಡೇ ಇರುತ್ತದೆ. ಒಬ್ಬ ಆಳು ಕೂತ ಹಾಗೆ. ಪುಟ್ಟ ದೋಣಿಯಲ್ಲಿ ಹೋಗಿ ನಾನೇ ಬೆರಳಿಟ್ಟು ನೋಡಿದ್ದೇನೆ. ಒಂದು ಬೆರಳಲ್ಲ. ಎರಡು.